ಖೊಟ್ಟಿ ವಾಯರು

ಹುಕ್ಕೇರಿ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ನನ್ನ ಟೇಲರ್ ಅಂಗಡಿ. ಅದಕ್ಕೆ ಹೊಂದಿಕೊಂಡೇ ಸನ್ಮತಿಯ ಡಿಶ್ ಅಂಗಡಿ. ವರ್ಷಗಟ್ಟಲೆ ಅವನ ಬಡಾಯಿ ಕೇಳುತ್ತ ಹೊಲಿಗೆ ಹಾಕಿದವನು ನಾನು. ಹೀಗಾಗಿ ಅವನ ಬಗ್ಗೆ ಬರೆಯುವ ಹಕ್ಕು ನನಗೆ ಇದ್ದೇ ಇದೆ.

ತೊಂಬತ್ತರ ದಶಕದಲ್ಲಿ ಊರಿನ ಕೇಬಲ್‌ನವರ ಕೈಕೆಳಗೆ ಕಂಬ ಹತ್ತುತ್ತ ಕೆಲಸ ಕಲಿತವನು. ಮನೆಮನೆಗೆ ಸಣ್ಣ ಡಿಶ್ ಬರತೊಡಗಿದಾಗ ಸ್ವಂತ ಅಂಗಡಿ ಹಾಕಿದ. ಕೆಲಸದಲ್ಲಿ ಬಲು ಚೊಕ್ಕ. ಅವನು ಕೂರಿಸಿದ ವಾಯರು ಗೋಡೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಬಿಗಿಯಾಗಿ ಇರುತ್ತಿತ್ತು. ಒಡೆದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದು ಸದಾ ಅವನ ಜೇಬಿನಲ್ಲಿ. ಹೊಸ ವಾಯರಿನ ತುದಿ ಸುಲಿದು ನಡುವಿನ ತಂತಿಗೆ ಅದನ್ನು ಹಿಡಿಯುವನು. ಅಂಟಿಕೊಂಡರೆ ಒಳಗೆ ಉಕ್ಕು, ಮೇಲೆ ಬರೀ ತಾಮ್ರದ ಲೇಪ ಎಂದರ್ಥ. "ಖೊಟ್ಟಿ ಮಾಲ್" ಎಂದು ಮೂಲೆಗೆ ಎಸೆಯುವನು. ಖೊಟ್ಟಿ ಎಂದರೆ ನಮ್ಮ ಕಡೆ ನಕಲಿ. ಅಂಥದನ್ನು ಮೂರು ಅಂತಸ್ತಿನ ಮೇಲಿಂದ ಎಳೆದರೆ ಡಿಶ್ಶಿಗೆ ಕರೆಂಟು ಸಾಲದೆ ಅರ್ಧ ಚಾನೆಲ್ ಮಾಯವಾಗುತ್ತವೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಊರವರು ಅವನಿಗೂ ಅದೇ ಹೆಸರಿಟ್ಟಿದ್ದರು: ಖೊಟ್ಟಿ ಜೈನ. ಉಳಿದ ಜೈನರು ಹೊತ್ತು ಮುಳುಗುವ ಮೊದಲು ಊಟ ಮುಗಿಸಿದರೆ ಇವನಿಗೆ ಮುಳುಗಿದ ಮೇಲೆಯೇ ಹಸಿವು. ಅವರು ಈರುಳ್ಳಿ ಮುಟ್ಟದಿದ್ದರೆ ಸಂಜೆ ಉಳ್ಳಾಗಡ್ಡಿ ಭಜಿಯ ಗಾಡಿಗೆ ಮೊದಲ ಗಿರಾಕಿ ಇವನೇ. ಯಾರು ಛೇಡಿಸಿದರೂ ನಗುತ್ತಿದ್ದ. ಆದರೆ ಬಸದಿಯ ಮುಂದೆ ಹಾಯಬೇಕಾದಾಗ ಸುತ್ತು ಹಾಕಿ ಹಿಂದಿನ ಓಣಿ ಹಿಡಿಯುತ್ತಿದ್ದುದನ್ನು ನಾನು ನೋಡಿದ್ದೇನೆ.

ಎರಡು ಸಾವಿರದ ಏಳರ ಬೇಸಿಗೆ. ಬೆಲ್ಲದ ಬಾಗೇವಾಡಿಯ ವ್ಯಾಪಾರಿ ಪಾಯಪ್ಪನವರು ಹಳೆಯ ಮಿನಿಬಸ್ಸೊಂದನ್ನು ಮನೆಯನ್ನಾಗಿ ಮಾಡಿಸಿದರು. ಅವರ ತಾಯಿ ಕಮಲಾಬಾಯಿಗೆ ತೀರ್ಥಯಾತ್ರೆಯ ಆಸೆ. ವಯಸ್ಸು ಎಂಬತ್ತರ ಹತ್ತಿರ, ಹೋಟೆಲಿನದು ಏನೂ ಮುಟ್ಟುವುದಿಲ್ಲ, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು. ಆದ್ದರಿಂದ ಬಸ್ಸಿನಲ್ಲೇ ಮಂಚ, ಒಲೆ, ನೀರಿನ ಕೊಡ. ಅವರಿಗೆ ಇನ್ನೊಂದು ನೇಮವಿತ್ತು. ಬೆಳಿಗ್ಗೆ ಆರೂವರೆಗೆ ಟಿವಿಯಲ್ಲಿ ಬರುವ ಮುನಿಗಳ ಪ್ರವಚನ ಕೇಳದೆ ಹನಿ ನೀರೂ ಕುಡಿಯುವುದಿಲ್ಲ. ಒಂದು ದಿನ ತಪ್ಪಿದರೆ ಮರುದಿನದ ಪ್ರವಚನದವರೆಗೆ ಉಪವಾಸ. ಬಸ್ಸಿಗೆ ಡಿಶ್ ಬೇಕಾಗಿದ್ದು ಅದಕ್ಕೇ. ಸನ್ಮತಿಯನ್ನು ಕರೆಸಿದರು.

"ಗೋಕಾಕದ ಅಂಗಡ್ಯಾಂವ ಗಾಡಿಗೆ ಉಕ್ಕಿನ ವಾಯರ್ ಚಲೋ ಅಂತಾನ. ಇಪ್ಪತ್ತ ಫೂಟಿಗೆ ತಾಂಬ್ರ ಯಾಕೋ?" ಎಂದು ಪಾಯಪ್ಪನವರು ಒಂದು ಸುರುಳಿ ತೋರಿಸಿದರು.

ಸನ್ಮತಿ ಅಯಸ್ಕಾಂತ ತೆಗೆದ. "ನೋಡ್ರಿ ಕಾಕಾ, ಹೆಂಗ ಅಂಟತೈತಿ. ಮ್ಯಾಲ ತಾಂಬ್ರ, ಒಳಗ ಕಬ್ಬಣ. ಖೊಟ್ಟಿ ಐತ್ರಿ ಇದು."

ಮಂಚದ ಮೇಲಿಂದ ಕಮಲಾಬಾಯಿ ತೀರ್ಪು ಕೊಟ್ಟರು. "ಅಭಿಷೇಕಕ್ಕ ಲೇಪದ ತಂಬಗಿ ಇಡತೇವೇನು? ಖರೆ ತಾಂಬ್ರಂದ ಹಾಕೋ."

ಅಲ್ಲಿಗೆ ಮಾತು ಮುಗಿಯಿತು. ಸನ್ಮತಿ ಬಸ್ಸಿನ ತಗಡಿಗೆ ತೂತು ಕೊರೆದು, ಅಪ್ಪಟ ತಾಮ್ರದ ವಾಯರನ್ನು ಮೂಲೆಯಲ್ಲಿ ಚೊಕ್ಕವಾಗಿ ಮಡಚಿ, ಗೇಣಿಗೊಂದು ಕ್ಲಿಪ್ಪು ಹೊಡೆದು ಬಿಗಿದ. ಹುಕ್ಕೇರಿಗೆ ಬಂದು ನನ್ನ ಮುಂದೆ ಒಂದು ತಾಸು ಅದನ್ನೇ ವರ್ಣಿಸಿದ.

ಯಾತ್ರೆಗೆ ಮುಂಚೆ ಬಸ್ಸನ್ನು ಓಡಿಸಿ ನೋಡೋಣವೆಂದು ಪಾಯಪ್ಪನವರು ತಾಯಿಯನ್ನು ಮೂಡಲಗಿಯಲ್ಲಿದ್ದ ತಮ್ಮ ಮಗಳ ಮನೆಗೆ ಕರೆದೊಯ್ದರು. ತಿರುಗಿ ಬರುವಾಗ ಅರಭಾವಿಯ ಆಚೆ, ಸಿಹಿನೀರಿನ ಬಾವಿಯಿದ್ದ ಪರಿಚಯದವರ ತೋಟದಲ್ಲಿ ರಾತ್ರಿಗೆ ಬಸ್ಸು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಟಿವಿ ಹಚ್ಚಿದರೆ ಚಿತ್ರವೇ ಇಲ್ಲ. ಡಿಶ್ ತಿರುಗಿಸಿ, ಡಬ್ಬಿ ಕುಟ್ಟಿ, ಸನ್ಮತಿಗೆ ಫೋನು ಮಾಡುವಷ್ಟರಲ್ಲಿ ಪ್ರವಚನ ಮುಗಿದಿತ್ತು. ಕಮಲಾಬಾಯಿ ನೀರಿನ ಕೊಡದ ಮೇಲೆ ಬಟ್ಟೆ ಮುಚ್ಚಿ ಕುಳಿತರು.

ಸನ್ಮತಿ ಬೈಕಿನಲ್ಲಿ ಒಂಬತ್ತಕ್ಕೆ ತಲುಪಿದ. ತಪ್ಪು ಸಿಗಲು ಎರಡು ನಿಮಿಷ ಸಾಕಾಯಿತು. ಅವನು ಚೊಕ್ಕವಾಗಿ ಮಡಚಿದ ಆ ಮೂಲೆಯಲ್ಲೇ ತಾಮ್ರದ ತಂತಿ ತುಂಡಾಗಿತ್ತು. ಮನೆಯ ಗೋಡೆ ಅಲುಗುವುದಿಲ್ಲ, ಬಸ್ಸಿನ ತಗಡು ತಗ್ಗು ಬಂದಲ್ಲೆಲ್ಲ ಕುಣಿಯುತ್ತದೆ. ಬಿಗಿದ ವಾಯರಿಗೆ ಆಡಲು ಜಾಗವಿರಲಿಲ್ಲ, ಮೆತ್ತನೆಯ ತಾಮ್ರ ತಡೆಯಲಿಲ್ಲ. ಇಷ್ಟು ದೊಡ್ಡ ಜಾಣನಿಗೆ ಬಸ್ಸು ಓಡಾಡುತ್ತದೆ ಎನ್ನುವುದೇ ಹೊಳೆದಿರಲಿಲ್ಲ.

"ಆಯೀ, ತಪ್ಪು ನಂದರಿ," ಎಂದ.

"ಆತ ಬಿಡೋ. ನಾಳೆ ಕೇಳೂಣು," ಎಂದರು ಕಮಲಾಬಾಯಿ. ಆಗಲೇ ಅವರ ದನಿ ಒಣಗಿತ್ತು.

ಪಾಯಪ್ಪನವರು ತೋರಿಸಿದ್ದ ಉಕ್ಕಿನ ವಾಯರಿನ ಸುರುಳಿ ಬಸ್ಸಿನಲ್ಲೇ ಬಿದ್ದಿತ್ತು. ಸನ್ಮತಿ ಅದನ್ನೇ ಹಾಕಿದ. ಈ ಸಲ ಮೂಲೆಯಲ್ಲಿ ಸಡಿಲವಾಗಿ ಒಂದು ಸುತ್ತು ಬಿಟ್ಟ. ಆಮೇಲೆ ಬಸ್ಸನ್ನು ಕೆಟ್ಟ ರಸ್ತೆಯಲ್ಲಿ ಎರಡು ಸಲ ಓಡಿಸಿ ನೋಡಿದರು, ಚಿತ್ರ ಹೋಗಲಿಲ್ಲ. ಆದರೂ ಅವನು ಊರಿಗೆ ಹೊರಡಲಿಲ್ಲ. ಅವಲಕ್ಕಿ ಕೊಟ್ಟರೆ "ಉಂಡ ಬಂದೇನ್ರಿ" ಎಂದ. ಸಂಜೆ ಊಟಕ್ಕೆ ಕರೆದರೆ "ಹೊಟ್ಟಿ ಸರಿ ಇಲ್ರಿ" ಎಂದ. ಇದನ್ನೆಲ್ಲ ಮುಂದೆ ಅಂಗಿಯ ಅಳತೆ ಕೊಡಲು ಬಂದಾಗ ಪಾಯಪ್ಪನವರೇ ನನಗೆ ಹೇಳಿದರು. ಸನ್ಮತಿ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಮರುದಿನ ಆರೂವರೆಗೆ ಚಿತ್ರ ಸ್ವಚ್ಛವಾಗಿ ಮೂಡಿತು. ಕಮಲಾಬಾಯಿ ಕೈಮುಗಿದುಕೊಂಡು ಕೊನೆಯ ಮಾತಿನವರೆಗೂ ಕೇಳಿದರು. ಮಗ ಸೋಸಿದ ನೀರು ತಂದುಕೊಟ್ಟರೆ ಕುಡಿಯಲಿಲ್ಲ, ಬಾಗಿಲ ಬಳಿ ನಿಂತಿದ್ದ ಸನ್ಮತಿಯ ಕಡೆ ತಿರುಗಿದರು.

"ನಿನ್ನಿಯಿಂದ ನೀನೂ ನೀರ ಕುಡದಿಲ್ಲ, ಹೌದಲ್ಲೋ?"

"ನಂದೇನ್ರಿ ಆಯೀ," ಎಂದು ಅವನು ತಲೆ ತಗ್ಗಿಸಿದ. "ನಾ ಖೊಟ್ಟಿ ಮನಷ್ಯಾ. ನನಗ್ಯಾವ ನೇಮಾ?"

"ಈ ವಾಯರಿಗೂ ಖೊಟ್ಟಿ ಅಂದಿದ್ದಿ. ಒಳಗ ಕಬ್ಬಣ ಇತ್ತಂತ ತಡೀತು." ಅವರು ಲೋಟ ಮುಂದೆ ಚಾಚಿದರು. "ತೊಗೊ. ಮೊದಲ ನೀ ಕುಡಿ."

ಸನ್ಮತಿ ಈಗಲೂ ಸಂಜೆ ಭಜಿ ತಿನ್ನುತ್ತಾನೆ. ಆದರೆ ಬಸದಿ ತಪ್ಪಿಸಿ ಹಿಂದಿನ ಓಣಿ ಹಿಡಿಯುವುದನ್ನು ಬಿಟ್ಟಿದ್ದಾನೆ.