ಹೆಸರಿಲ್ಲದ ನಾಲ್ಕು ಪ್ರತಿಗಳು

ನಮ್ಮ ಅತ್ತೆ ಪುಸ್ತಕಗಳಿಗೆ ರಟ್ಟು ಹಾಕುವವಳು. ಹಾಳೆಯ ಮೂಲೆ ಮಡಚುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಮೂವತ್ತು ವರ್ಷ ಬೇರೆಯವರ ಪುಸ್ತಕ ಹೊಲಿದ ಮೇಲೆ ಒಂದು ಕಾದಂಬರಿಯನ್ನು ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಹೊಲಿದಳು. ನೆಂಟರೆಲ್ಲ ಒಂದೊಂದು ಪ್ರತಿ ಒಯ್ದರು. ಮುಗಿಸಿದವರು ಯಾರೂ ಇಲ್ಲ. ಮಾವ ಹನ್ನೆರಡನೇ ಪುಟದಲ್ಲಿ ಗೊರಕೆ ಹೊಡೆದರು. ಸುಳ್ಳು ಹೇಳಬಾರದು, ನಾನೂ ನಲವತ್ತರಲ್ಲಿ ನಿಂತಿದ್ದೇನೆ. ಗುರುತು ಪರಿಚಯವಿಲ್ಲದ ಒಬ್ಬರಾದರೂ ಕೊನೆಯವರೆಗೆ ಓದಬೇಕು ಎಂಬುದೊಂದೇ ಅವಳ ಆಸೆ.

ಅದಕ್ಕೇ ಸಣ್ಣ ಪ್ರಕಾಶಕರ ಕಾದಂಬರಿ ಸ್ಪರ್ಧೆಗೆ ಕಳಿಸಲು ಹೊರಟಳು. ನಾಲ್ಕು ಪ್ರತಿ ಬೇಕು; ಯಾವುದರಲ್ಲೂ ಲೇಖಕರ ಹೆಸರು ಇರಕೂಡದು.

ಪುಸ್ತಕದಲ್ಲಿ ಅತ್ತೆಯ ಹೆಸರು ಏಳು ಕಡೆ ಇತ್ತು. ಎರಡು ಸಲ ಎಣಿಸಿದ್ದೇನೆ.

“ನಮ್ಮ ಮದುವೆ ಪತ್ರಿಕೇಲೂ ನಿನ್ನ ಹೆಸರು ಇಷ್ಟು ಸಲ ಇರ್ಲಿಲ್ಲ ಕಣೇ,” ಎಂದರು ಮಾವ.

“ಬಾಯಿ ಮುಚ್ಕೊಂಡು ಅಂಟು ಕಲಸ್ರೀ.”

ಮೂರು ದಿನ ಕೂತು ರಟ್ಟು ಬಿಚ್ಚಿ, ಹೆಸರಿದ್ದ ಹಾಳೆಗಳನ್ನು ತೆಗೆದು, ಬೂದುಬಣ್ಣದ ಬೋಳು ರಟ್ಟು ಹಾಕಿದಳು. ಪುಟಪುಟವನ್ನೂ ಬೆಳಕಿಗೆ ಹಿಡಿದು ನೋಡಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ಮೂವತ್ತು ವರ್ಷದ ಅಭ್ಯಾಸದಂತೆ, ನಾಲ್ಕರ ಹಿಂಬದಿ ರಟ್ಟಿನ ಒಳಗೂ ಅಂಗಡಿಯ ಮೊಹರು ಒತ್ತಿ ಅಂಚೆಗೆ ಹಾಕಿದಳು. ಮೊಹರಿನಲ್ಲಿ ಅವಳ ಪೂರ್ತಿ ಹೆಸರು, ವಿಳಾಸ, ವಾರದ ರಜೆ ಎಲ್ಲ ಇದೆ.

ಎರಡು ತಿಂಗಳಿಗೆ ನಾಲ್ಕೂ ಪ್ರತಿ ವಾಪಸು ಬಂದವು. ಜೊತೆಗೊಂದು ಕಾಗದ: ಹೆಸರು ಕಂಡುಬಂದಿದ್ದರಿಂದ ಸ್ಪರ್ಧೆಯಿಂದ ಕೈಬಿಡಲಾಗಿದೆ.

“ರಜೆ ಯಾವತ್ತು ಅಂತಾನೂ ತಿಳಿಸಿದೀಯಲ್ಲೇ! ತೀರ್ಪುಗಾರರು ಬಂದು ಬಾಗಿಲು ಬಡಿದು ವಾಪಸ್ ಹೋಗ್ಬಾರ್ದು ಅಂತಾನಾ?” ಮಾವ ನಕ್ಕು ನಕ್ಕು ಕೆಮ್ಮಿದರು.

ಅತ್ತೆ ಕಾಗದವನ್ನು ಪಕ್ಕಕ್ಕಿಟ್ಟಳು. ಪ್ರತಿಗಳು ಪೆಟ್ಟು ತಿಂದಿವೆಯೇ ಎಂದು ಒಂದೊಂದಾಗಿ ಬಿಡಿಸಿದಳು. ಮೂರನ್ನು ಯಾರೂ ತೆರೆದಂತೆಯೇ ಇರಲಿಲ್ಲ. ನಾಲ್ಕನೆಯದರಲ್ಲಿ ಅವಳ ಕೈ ನಿಂತಿತು.

“ರೀ, ಯಾರೋ ಹಾಳೆ ಮಡಚಿದಾರೆ!”

“ಯಾವನವನು ಕತ್ತೆ?” ಮಾವ ಅವಳ ಪರವಾಗಿ ರೇಗಿದರು.

“ಕತ್ತೆ ಗಿತ್ತೆ ಅನ್ಬೇಡಿ. ಮೂವತ್ತೊಂದು... ಎಪ್ಪತ್ತೆಂಟು... ನೂರ ನಲವತ್ತು...” ಅವಳು ಪುಟ ತಿರುವುತ್ತಲೇ ಹೋದಳು. “ನೂರ ತೊಂಬತ್ತಾರು!”

ಕಾದಂಬರಿ ಇರುವುದು ನೂರ ತೊಂಬತ್ತೆಂಟು ಪುಟ.

ಮಾವ ತಲೆ ಕೆರೆದುಕೊಂಡರು. “ಅಂದ್ರೆ, ಕೊನೇ ತನಕ ಓದಿದ್ದಕ್ಕೇ ಆ ಪುಣ್ಯಾತ್ಮನಿಗೆ ನಿನ್ನ ಮೊಹರು ಸಿಕ್ಕಿದ್ದು.”

ಆ ಮೂಲೆಗಳನ್ನು ಅತ್ತೆ ಇನ್ನೂ ನೆಟ್ಟಗೆ ಮಾಡಿಲ್ಲ. ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಾಳೆ. ಮುಟ್ಟಲು ಮಾತ್ರ ಬಿಡುವುದಿಲ್ಲ.