ಹರಿಣಾಕ್ಷಿ ಹೇಳಿದ ಚಾನೆಲ್

ಕಡಲ ತಡಿಯ ಹೂಡೆ ಊರಿನ ಹರಿಣಾಕ್ಷಿ ಓದಿದ್ದು ಏಳನೇ ತರಗತಿಯವರೆಗೆ. ಗಂಡ ಧರ್ಮಪಾಲ ಮೀನಿನ ಬೋಟು ನಡೆಸುತ್ತಿದ್ದ ಹದಿನೆಂಟು ವರ್ಷ ದಡದ ವೈರ್‌ಲೆಸ್ ಸೆಟ್ ನೋಡಿಕೊಂಡವಳು ಅವಳು. ಯಾವ ಬೋಟು ಎಲ್ಲಿದೆ, ಯಾರ ಎಂಜಿನ್ ಕೆಟ್ಟಿದೆ ಎಂಬುದೆಲ್ಲ ಮೊದಲು ಅವಳ ಕಿವಿಗೇ ಬರುತ್ತಿತ್ತು. ಅದನ್ನು ಯಾರೂ ವಿದ್ಯೆ ಎಂದು ಕರೆಯಲಿಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ಈಗ ಅವಳ ಪಕ್ಕದ ಮನೆಯಲ್ಲಿರುವ ನಾನೂ ಕರೆಯಲಿಲ್ಲ.

ಅವಳ ಸೊಸೆ ನವ್ಯಶ್ರೀಗೆ ಮಣಿಪಾಲದ ಒಂದು ಕಂಪೆನಿಯಲ್ಲಿ ಕೆಲಸ. ವೈದ್ಯರ ಮಾತನ್ನು ಕೇಳಿ ಟೈಪ್ ಮಾಡುವುದು. ಎಂಟು ತಿಂಗಳ ಮಗು ಇದ್ದುದರಿಂದ ಮನೆಯಿಂದಲೇ ಮಾಡಲು ಒಪ್ಪಿದ್ದರು. ಆದರೆ ಮೂರು ಬಾರಿ ಇಂಟರ್ನೆಟ್ ನಡುವೆ ಕೈಕೊಟ್ಟಿತ್ತು. ಶುಕ್ರವಾರ ಬೆಳಿಗ್ಗೆ ಹತ್ತರಿಂದ ಎರಡು ಗಂಟೆ ಕಾಲದ ಪರೀಕ್ಷೆ ಇಟ್ಟರು. ಆಗಲೂ ಸಂಪರ್ಕ ಕಡಿದುಹೋದರೆ ಕೆಲಸ ಹೋಯಿತು.

ಗುರುವಾರ ಸಂಜೆ, ಮನೆಗೆ ಇಂಟರ್ನೆಟ್ ಲೈನ್ ಕೊಟ್ಟಿದ್ದ ಜಿತೇಶ್ ಬಂದ. ನಾನೂ ಅಲ್ಲಿದ್ದೆ.

"ಲೈನ್ ಸರಿ ಉಂಟು ಅಕ್ಕ. ದೊಡ್ಡ ಪ್ಲಾನ್ ಹಾಕಿ."

"ಹಾಕಿ ಎರಡು ತಿಂಗಳಾಯ್ತು. ಎಂತ ಆಯ್ತು?" ಎಂದ ಹರಿಣಾಕ್ಷಿ ಸೊಸೆಯತ್ತ ತಿರುಗಿದಳು. "ಬೆಳಿಗ್ಗೆ ಐದಕ್ಕೆ ಹೇಗಿರ್ತದೆ?"

"ಒಳ್ಳೆದಿರ್ತದೆ ಮಾಮಿ. ಎಲ್ಲರೂ ಎದ್ದ ಮೇಲೆ ಹಾಳು."

"ಈ ಸಾಲಿನ ಎಂಟು ಮನೆಗೂ ವೈಫೈ ಪೆಟ್ಟಿಗೆ ಇಟ್ಟದ್ದು ನೀನೇ ಅಲ್ವಾ ಜಿತೇಶ? ಇದಕ್ಕೂ ಚಾನೆಲ್ ಅಂತ ಉಂಟಾ?"

"ಉಂಟು. ಎಲ್ಲದಕ್ಕೂ ಆರನೇ ಚಾನೆಲೇ ಇಟ್ಟಿದ್ದೇನೆ."

"ಎಂಟು ಬೋಟು ಒಂದೇ ಚಾನೆಲಲ್ಲಿ ಬೊಬ್ಬೆ ಹೊಡೆದರೆ ಯಾರದ್ದು ಕೇಳ್ತದೆ ಮಾರಾಯ? ನಮ್ಮದನ್ನು ಏಳಕ್ಕೆ ಹಾಕು."

ಜಿತೇಶ್ ನಗುತ್ತಲೇ ಲ್ಯಾಪ್‌ಟಾಪಿನಲ್ಲಿ ರೂಟರಿನ ಸೆಟ್ಟಿಂಗ್ ತೆರೆದು ಏಳು ಹಾಕಿದ. ವೇಗ ಅಳೆದರೆ ಏನೂ ಬದಲಾಗಿರಲಿಲ್ಲ.

"ನೋಡಿ ಅಕ್ಕ, ಇದು ಬಂಗುಡೆ ಮೀನು ಹಿಡಿಯುವ ಬೋಟಲ್ಲ."

ಅವಳು ತಪ್ಪಿದ್ದು ನಿಜ. ಬೋಟಿನ ಸೆಟ್ಟಿನಲ್ಲಿ ಪಕ್ಕದ ಚಾನೆಲ್‌ಗೆ ಹೋದರೆ ಸಾಕು. ವೈಫೈಯಲ್ಲಿ ಅಕ್ಕಪಕ್ಕದ ಚಾನೆಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ಆರರ ಬೊಬ್ಬೆ ಏಳಕ್ಕೂ ಕೇಳ್ತದೆ ಅಂತ ಕಾಣ್ತದೆ. ದೂರ ಹೋಗುವ. ಕೊನೆಗೆ ಎಷ್ಟು ಉಂಟು?"

"ಹನ್ನೊಂದು, ಹನ್ನೆರಡು…"

"ಹನ್ನೊಂದು ಹಾಕು."

ಪರದೆಯ ಮೇಲೆ ವೇಗ ನಾಲ್ಕರಿಂದ ಮೂವತ್ತೆಂಟಕ್ಕೆ ಏರಿತು. ಜಿತೇಶ್ ಮತ್ತೊಮ್ಮೆ ಅಳೆದ. ಮೂವತ್ತೊಂಬತ್ತು. ನನ್ನಲ್ಲಿ ಕಲಿತು ಪದವಿ ಪಡೆದವರು ನೂರಾರು ಮಂದಿ. ತಪ್ಪಾದಾಗ ಮುಖ ಸಣ್ಣ ಮಾಡದೆ ಅರೆನಿಮಿಷದಲ್ಲಿ ತಿದ್ದಿಕೊಂಡವರು ಅವರಲ್ಲಿ ಕಡಿಮೆ.

ಶುಕ್ರವಾರ ಹರಿಣಾಕ್ಷಿ ಮಗುವನ್ನು ಎತ್ತಿಕೊಂಡು ಅಂಗಳದಲ್ಲೇ ಓಡಾಡಿದಳು. ಹನ್ನೆರಡು ದಾಟಿದ ಮೇಲೆ ನವ್ಯಶ್ರೀಯ ಕೋಣೆಯ ಬಾಗಿಲು ತೆರೆಯಿತು.

"ಒಮ್ಮೆಯೂ ಕಟ್ ಆಗಲಿಲ್ಲ ಮಾಮಿ!"

"ಹಾಗಾದರೆ ಊಟ ಮಾಡು," ಎಂದಳು. ದನಿ ಮಾತ್ರ ಸ್ವಲ್ಪ ಏರಿತ್ತು.

ಮನೆಯಿಂದಲೇ ಕೆಲಸ ಮುಂದುವರಿಸಬಹುದೆಂದು ಸೋಮವಾರ ಕಂಪೆನಿಯಿಂದ ತಿಳಿಸಿದರು. ಮರುದಿನ ಜಿತೇಶ್ ತಾನಾಗಿಯೇ ಬಂದು, "ಉಳಿದ ಮನೆಗಳಿಗೆ ಎಷ್ಟು ಹಾಕಲಿ ಅಕ್ಕ?" ಎಂದು ಕೇಳಿದ. ಒಂದರ ಬೊಬ್ಬೆ ಇನ್ನೊಂದಕ್ಕೆ ಕೇಳದಷ್ಟು ದೂರವಿಟ್ಟು ಒಂದು, ಆರು, ಹನ್ನೊಂದು ಎಂದು ಅವಳು ಸಾಲಾಗಿ ಹಂಚಿ ಹೇಳಿದಳು; ಅವನು ಬರೆದುಕೊಂಡ. ನನ್ನ ಮನೆಗೆ ಒಂದನೇ ಚಾನೆಲ್ ಬಂತು. ನಾನು ತಕರಾರು ಮಾಡಲಿಲ್ಲ.