ಸೋತವರು ಎಲ್ಲಿ ಹೋದರು?

ಈರವ್ವ ಧಾರವಾಡದ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಇತಿಹಾಸ ಕಲಿಸಿದವಳು. ಗಂಡ ನಿಜಗುಣನೊಂದಿಗೆ ಕೆನಡಾಕ್ಕೆ ಬಂದ ಮೇಲೆ ಪಿಕರಿಂಗ್ ಎಂಬ ಊರಿನ ಬೇಕರಿಯೊಂದರಲ್ಲಿ ಎರಡು ವರ್ಷ ಬ್ರೆಡ್ಡು ಪ್ಯಾಕ್ ಮಾಡಿದಳು. 2016ರಲ್ಲಿ ಹತ್ತಿರದ ಸ್ಕಾರ್‌ಬರೋದ ಖಾಸಗಿ ಶಾಲೆಯೊಂದು ಹನ್ನೊಂದನೇ ತರಗತಿಗೆ ಅಮೆರಿಕದ ಇತಿಹಾಸ ಕಲಿಸಲು ಅವಳನ್ನು ಕರೆಯಿತು. ಶಾಲೆಯೆಂದರೆ ಲಾಂಡ್ರಿಯ ಪಕ್ಕದ ಮೂರು ಕೋಣೆ. ನಡೆಸುವವನು ಬೆಂಗಳೂರಿನ ವೇಣುಗೋಪಾಲ. ಕಾಗದದಲ್ಲಿ ಅವಳನ್ನು ಆಫೀಸ್ ಅಸಿಸ್ಟೆಂಟ್ ಎಂದು ತೋರಿಸಿದ, ಆಮೇಲೆ ಸರಿಮಾಡುತ್ತೇನೆಂದ. ಮತ್ತೆ ಪಾಠ ಮಾಡಲು ಸಿಕ್ಕಿತಲ್ಲ ಎಂದು ಅವಳೂ ಕೆದಕಲಿಲ್ಲ.

ಲೈಬ್ರರಿಯಿಂದ ಪುಸ್ತಕ ಹೊತ್ತು ತಂದು, ಬಸ್ಸಿನಲ್ಲೇ ಓದಿ, ನೂರು ಪುಟ ನೋಟ್ಸು ಬರೆದಳು. ಮೊದಲ ವಸಾಹತುಗಳು, 1776ರ ಸ್ವಾತಂತ್ರ್ಯ ಘೋಷಣೆ, ಯುದ್ಧ, ಸಂವಿಧಾನ. ಎಲ್ಲರೂ ಸಮಾನರೆಂದು ಸಾರಿದ ದೇಶವೇ ಹನ್ನೊಂದು ವರ್ಷಕ್ಕೆ ಸಂವಿಧಾನ ಬರೆಯುವಾಗ ಜನಸಂಖ್ಯೆಯ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಿತು ಎಂದಾಗ ಮಕ್ಕಳು ಫೋನು ಕೆಳಗಿಟ್ಟರು.

2018ರ ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ಪೋಷಕರಿಗೆ ಮಾದರಿ ಪಾಠ ಏರ್ಪಾಡಾಗಿತ್ತು. ಈರವ್ವ ಇಳಕಲ್ ಸೀರೆ ಉಟ್ಟು ಹೋದರೆ, ಬಾಗಿಲಲ್ಲಿ ಅವಳ ನೋಟ್ಸು ಹಿಡಿದು ನಿಂತಿದ್ದವನು ಇಲ್ಲೇ ಹುಟ್ಟಿ ಬೆಳೆದ ಆದಿತ್ಯ. ಮನೆ ಮಾರಾಟದ ಏಜೆಂಟು. ಇವತ್ತಿಗಷ್ಟೇ ಟೀಚರು.

ವೇಣುಗೋಪಾಲ ತಗ್ಗಿದ ದನಿಯಲ್ಲಿ ಹೇಳಿದ: "ತಪ್ಪು ತಿಳ್ಕೋಬೇಡಿ ಮೇಡಂ. ಪೇರೆಂಟ್ಸಿಗೆ ಇಲ್ಲಿನ ಆಕ್ಸೆಂಟು ಬೇಕು. ನೀವು ಸಮೋಸಾ ಕೌಂಟರ್ ನೋಡ್ಕೊಳ್ಳಿ."

ಬಂದ ಪೋಷಕರೆಲ್ಲ ಈರವ್ವನಂಥದೇ ಇಂಗ್ಲಿಷು ಮಾತಾಡುವವರು. ಅವರೆದುರು ಅವಳನ್ನು ಮುಚ್ಚಿಡಬೇಕಂತೆ! ಆದರೂ ತಟ್ಟೆ ಹಿಡಿದಳು. ಹಿಡಿದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆದಿತ್ಯ ಚೆನ್ನಾಗಿಯೇ ಓದಿದ. ಕೊನೆಗೆ ಒಬ್ಬ ತಾಯಿ, ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ರಾಜನ ಪರ ನಿಂತು ಸೋತವರು ಎಲ್ಲಿ ಹೋದರೆಂದು ಕೇಳಿದಳು. ಅವನು ಹಾಳೆ ಮಗುಚಿದ. ಸಿಗಲಿಲ್ಲ.

ಈರವ್ವ ತಟ್ಟೆ ಇಟ್ಟು ಮುಂದೆ ಬಂದಳು. ಬಹಳಷ್ಟು ಜನ ಇಲ್ಲಿಗೇ, ಕೆನಡಾಕ್ಕೇ ಬಂದರು, ರಾಜ ಅವರಿಗೆ ಇದೇ ಪ್ರಾಂತದಲ್ಲಿ ಜಮೀನು ಕೊಟ್ಟ, ಕೆಲವರು ತಮ್ಮ ಗುಲಾಮರನ್ನೂ ಎಳೆದು ತಂದರು ಎಂದು ತನ್ನ ಧಾರವಾಡದ ಇಂಗ್ಲಿಷಿನಲ್ಲೇ ಹೇಳಿದಳು. ಆಮೇಲೆ, ಆ ನೋಟ್ಸು ತನ್ನದೆಂದೂ, ಎರಡು ವರ್ಷದಿಂದ ಪಾಠ ಮಾಡುತ್ತಿರುವುದು ತಾನೆಂದೂ ಹೇಳಿದಳು. ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು, ನಿಮ್ಮನ್ನೂ ಗುಲಾಮರಂತೆ ನಡೆಸಿದರು ಎಂದಳು. ಈರವ್ವ ಅವಳ ಮೇಲೂ ರೇಗಿದಳು: ಅವರನ್ನು ಮಾರುತ್ತಿದ್ದರು, ನಾನು ಬಸ್ ಹತ್ತಿ ಮನೆಗೆ ಹೋಗುತ್ತೇನೆ, ಅವರ ನೋವನ್ನು ನನಗೆ ಹೊದಿಸಬೇಡ.

ಸೋಮವಾರ ಕೆಲಸ ಹೋಯಿತು. ಇಲ್ಲಿ ಶಿಕ್ಷಕಿಯಾಗಲು ಬೇಕಾದ ಸರ್ಟಿಫಿಕೇಟಿಗೆಂದು ಅನುಭವ ಪತ್ರ ಕೇಳಿದಳು. ರೆಕಾರ್ಡಿನಲ್ಲಿ ನೀವು ಟೀಚರೇ ಅಲ್ಲವಲ್ಲ ಎಂದ ವೇಣುಗೋಪಾಲ.

"ಸುಳ್ಳ ಬರದಾವ ನೀ. ಅದನ್ನ ನನಗ ಸಾಕ್ಷಿ ಅಂತ ತೋರಸ್ತೀಯೇನು?" ಎಂದು ಈರವ್ವ ಎದ್ದು ಬಂದಳು.

ಧಾರವಾಡದ ಹಳೆಯ ದಾಖಲೆಗಳನ್ನು ಒಂದೊಂದಾಗಿ ತರಿಸಿ, ಮತ್ತೆ ಬೇಕರಿಯ ಶಿಫ್ಟು ಮಾಡುತ್ತಲೇ ಸರ್ಟಿಫಿಕೇಟಿಗೆ ಅರ್ಜಿ ಹಾಕಿದಳು. ಹದಿನೆಂಟು ತಿಂಗಳು ಹಿಡಿಯಿತು. 2019ರ ಅಕ್ಟೋಬರಿನಲ್ಲಿ ಪಿಕರಿಂಗಿನ ಶಾಲೆಯೊಂದರಲ್ಲಿ ಬದಲಿ ಶಿಕ್ಷಕಿಯಾದಳು. ಸುದ್ದಿ ಕೇಳಿ ವೇಣುಗೋಪಾಲ ಅಭಿನಂದನೆಯ ಮೆಸೇಜು ಕಳಿಸಿದ, ಕೈಮುಗಿದ ಚಿತ್ರದ ಸಮೇತ.

ನಿಜಗುಣ ಹೇಳಿದ: "ಆತಲ್ಲ, ಇನ್ನ ಸಿಟ್ಟ ಬಿಟ್ಟಬಿಡು."

"ಯಾಕ ಬಿಡಬೇಕು?" ಎಂದಳು ಈರವ್ವ. ಮೆಸೇಜಿಗೆ ಉತ್ತರ ಬರೆಯಲಿಲ್ಲ.